ಅಪ್‌ಡೇಟ್: ಸದ್ದಿಲ್ಲದ, ಬಾಡಿಗೆ ಕಡಿಮೆಯ ಬಡಾವಣೆಗೆ ಬಂದಾಯ್ತು

ಊರಂಚಿನಲ್ಲಿ ಬಾಡಿಗೆ ಕಡಿಮೆ ಇರುವ, ಗಲಾಟೆ ಇಲ್ಲದ ಬಡಾವಣೆಗೆ ಮನೆ ಬದಲಿಸಬಹುದಾ ಎಂದು ಕೇಳಿದ್ದೆ. ಬದಲಿಸಿದೆವು.

ಬಾಡಿಗೆಯಲ್ಲಿ ಉಳಿದದ್ದರಲ್ಲಿ ಒಂದು ಪಾಲು ಓಡಾಟಕ್ಕೇ ಹೋಗುತ್ತಿದೆ. ಆದರೂ ತಿಂಗಳ ಕೊನೆಗೆ ಕೈಯಲ್ಲಿ ಏನೋ ಉಳಿಯುತ್ತದೆ. ಎರಡನ್ನೂ ಸೇರಿಸಿ ಲೆಕ್ಕ ಹಾಕಿ ಎಂದವರಿಗೆ ಥ್ಯಾಂಕ್ಸ್.

ಸದ್ದಿನ ವಿಷಯ ಮಾತ್ರ ಮಜವಾಗಿದೆ. ಹಗಲು ಕೇಳದ ದೂರದ ಹೆದ್ದಾರಿ ರಾತ್ರಿ ಚೆನ್ನಾಗಿ ಕೇಳುತ್ತದೆ! ಇದು ಭ್ರಮೆ ಅಲ್ಲ. ರಾತ್ರಿ ನೆಲ ತಣ್ಣಗಾದಾಗ ಅದಕ್ಕೆ ತಾಗಿದ ಗಾಳಿ ಮೇಲಿನ ಗಾಳಿಗಿಂತ ತಂಪಾಗುತ್ತದೆ. ಆಗ ಮೇಲೆ ಹೋಗಬೇಕಾದ ಸದ್ದು ಕೆಳಕ್ಕೆ ಬಾಗುತ್ತದೆ. ಅದನ್ನು ಮುಚ್ಚಿಹಾಕುವ ಹಗಲಿನ ಗದ್ದಲವೂ ಇರುವುದಿಲ್ಲ ಅಲ್ವಾ. ಹಾಗಾಗಿ ಮನೆ ನೋಡುವವರು ರಾತ್ರಿಯೂ ಒಮ್ಮೆ ಹೋಗಿ ನಿಂತು ಕೇಳಿ. ರಾತ್ರಿ ಮನೆಯ ಹೊರಗಿನ ಸದ್ದು ಸರಾಸರಿ 40 ಡೆಸಿಬಲ್ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಯುರೋಪಿಗೆ ಸಲಹೆ ಕೊಟ್ಟಿತ್ತು. ಫೋನಿನ ಆ್ಯಪ್‌ನಲ್ಲಿ ಅಳೆದರೆ ಸುಮ್ನೆ ಅಂದಾಜು ಸಿಗುತ್ತದೆ, ಅಷ್ಟೇ.

ತಡವಾದರೆ ಬಸ್ಸಿಲ್ಲ, ಅದೊಂದು ತಲೆನೋವು. ಅಕ್ಕಪಕ್ಕದವರು ಬೇಗ ಪರಿಚಯವಾದರು. ವಿಚಾರಣೆ ಸ್ವಲ್ಪ ಜಾಸ್ತಿ, ನನಗೇನೂ ಬೇಸರವಿಲ್ಲ. ಕರಾರು ಮುಗಿದ ಮೇಲೂ ಇಲ್ಲೇ ಇರುತ್ತೇವೆ.