ಕಾರ್ ಶೆಡ್ಡಿನ ಮೋಲ್ಡ್ ಸೋರ್ತಿದೆ, ದೀಪಾವಳಿವರೆಗೆ ಏನು ಮಾಡಲಿ?

ಸುಧಾ, ಹನುಮಂತನಗರ:
ನಮ್ಮದು ಹಳೇ ಮನೆ. ಗೋಡೆಗೆ ಸೇರಿಸಿ ಅಪ್ಪ 1994ರಲ್ಲಿ ಕಾರ್ ಶೆಡ್ ಕಟ್ಟಿಸಿದ್ದರು. ಮೇಲೆ ಸಮತಟ್ಟು ಮೋಲ್ಡ್, ಅಂದರೆ ಕಾಂಕ್ರೀಟ್ ಚಾವಣಿ. ಈ ಅಕ್ಟೋಬರ್ ಮಳೆಗೆ ಎರಡು ಕಡೆ ಸೋರುತ್ತಿದೆ. ಒಂದು ಬಲ್ಬಿನ ಪಕ್ಕ, ಇನ್ನೊಂದು ಮನೆ ಗೋಡೆ ಸೇರುವ ಜಾಗ. ಹನಿ ಬಿದ್ದಲ್ಲೆಲ್ಲ ಬಾನೆಟ್ ಮೇಲೆ ಸುಣ್ಣದ ಚುಕ್ಕಿ, ಒರೆಸಿದರೂ ಹೋಗುತ್ತಿಲ್ಲ. ಅಪ್ಪನ ಪುಸ್ತಕದ ಟ್ರಂಕುಗಳೂ ಅಲ್ಲೇ ಇವೆ, ನನಗೆ ಅದೇ ಚಿಂತೆ. ಮೇಸ್ತ್ರಿ ದೀಪಾವಳಿ ಕಳೆಯಲಿ, ಮೋಲ್ಡ್ ಒಣಗಲಿ ಅಂತಾರೆ. ಅಲ್ಲಿವರೆಗೆ ಒಳಗಿನಿಂದ ಸಿಮೆಂಟ್ ಮೆತ್ತಿದರೆ ನಿಲ್ಲುತ್ತಾ?

ರಮೇಶ್, ವಿಜಯನಗರ:
ಮೊದಲು ಆ ಬಲ್ಬಿನ ಎಂಸಿಬಿ, ಅಂದರೆ ಬೋರ್ಡಿನಲ್ಲಿ ಆ ಲೈನಿನ ಕರೆಂಟ್ ಕಡಿಯುವ ಬ್ರೇಕರ್, ಇಳಿಸಿ. ಬರೀ ಸ್ವಿಚ್ ಆಫ್ ಮಾಡಿದರೆ ಸಾಲದು, ವೈರಿನ ಪೈಪಲ್ಲೂ ನೀರು ಇಳಿದಿರಬಹುದು. ಚುಕ್ಕಿಗೆ ನೀರು ಬೆರೆಸಿದ ವಿನೆಗರ್ ಬಟ್ಟೆಗೆ ಹಾಕಿ ಒರೆಸಿ, ತಕ್ಷಣ ತೊಳೆಯಿರಿ.

ನಾಗರಾಜ್, ಬಸವನಗುಡಿ:
ಸುಧಾ ಅವರೇ, ಒಳಗಿನಿಂದ ಮೆತ್ತಬೇಡಿ. ನೀರು ಮೋಲ್ಡಲ್ಲೇ ಉಳಿದು ಕಂಬಿಗೆ ತುಕ್ಕು ಹಿಡಿಯುತ್ತದೆ. ತುಕ್ಕು ಊದಿಕೊಂಡು ಕಾಂಕ್ರೀಟನ್ನೇ ತಳ್ಳುತ್ತದೆ. ನಮ್ಮ ಶೆಡ್ಡಲ್ಲಿ ಹಾಗೆ ಮೆತ್ತಿಸಿದ್ದೆವು. ಒಂದು ಬೆಳಗ್ಗೆ ತಟ್ಟೆಯಗಲದ ಚಕ್ಕೆ ಸ್ಕೂಟರ್ ಸೀಟಿನ ಮೇಲೆ ಬಿದ್ದಿತ್ತು. ಮಗಳು ದಿನಾ ಅಲ್ಲೇ ನಿಂತು ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದಳು. ದಯವಿಟ್ಟು ಉದ್ದ ಕೋಲಿನಿಂದ, ದೂರ ನಿಂತು ತಟ್ಟಿ ನೋಡಿ. ಟೊಳ್ಳು ಸದ್ದು ಬಂದ ಕಡೆ ಯಾರೂ ನಿಲ್ಲಬಾರದು.

ಆಮೇಲೆ ಮೇಲೆ ಹತ್ತಿ ನೀರು ಹೋಗುವ ಪೈಪಿನ ಬಾಯಿ ನೋಡಿ. ನಮ್ಮಲ್ಲಿ ಹೊಂಗೆ ಎಲೆ, ಮಣ್ಣು ಸೇರಿ ಬಿರಡೆ ಹಾಕಿದ ಹಾಗೆ ಆಗಿತ್ತು. ಕೈ ಹಾಕಿ ಕಿತ್ತೆ, ಗೊಳಗೊಳ ಅಂತ ಇಳಿಯಿತು. ಸೋರಿಕೆ ಅಲ್ಲಿಗೇ ಅರ್ಧ ಕಡಿಮೆ!

ಗೋಡೆ ಕಡೆಯದಕ್ಕೆ ಮೂಲೆಯೇ ಕಾರಣ ಇರಬೇಕು. ಮನೆ ಒಂದು ಸಲ ಕಟ್ಟಿದ್ದು, ಶೆಡ್ ಆಮೇಲೆ. ಬಿಸಿಲಿಗೆ ಹಿಗ್ಗಿ ಕುಗ್ಗಿ ಸೇರುವ ಜಾಗ ಬಾಯಿ ಬಿಡುತ್ತದೆ. ಎಸ್‌ಜೆಪಿ ರಸ್ತೆ ಹಾರ್ಡ್‌ವೇರ್ ಅಂಗಡಿಗಳಲ್ಲಿ ಅಲ್ಯೂಮಿನಿಯಂ ಹಾಳೆಯ ಬ್ಯುಟೈಲ್ ಟೇಪ್ (ರಬ್ಬರಿನಂಥ ಅಂಟಿನ ಪಟ್ಟಿ) ಕೇಳಿ. 4 ಇಂಚಿನದು ತಗೊಳ್ಳಿ, ಅರ್ಧ ಗೋಡೆಗೆ, ಅರ್ಧ ಮೋಲ್ಡಿಗೆ ಬರಲಿ. ಪಾಚಿಯನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಧೂಳು ಒರೆಸಿ, ಚೆನ್ನಾಗಿ ಒಣಗಿದ ಮೇಲೇ ಅಂಟಿಸಿ. ಚಮಚದ ಬೆನ್ನಿಂದ ಒತ್ತಿ ಗಾಳಿ ತೆಗೆಯಿರಿ.

ಬಲ್ಬಿನ ಹತ್ತಿರದ್ದು ಕಷ್ಟ. ನೀರು ಎಲ್ಲೋ ಇಳಿದು ಇನ್ನೆಲ್ಲೋ ಹೊರಬರುತ್ತದೆ, ನೇರ ಮೇಲೆ ಬಿರುಕು ಹುಡುಕಿದರೆ ಸಿಗದಿರಬಹುದು.

ಫಾತಿಮಾ, ಶಿವಾಜಿನಗರ:
ಅದಕ್ಕೆ ಟಾರ್ಪಾಲೇ ಒಳ್ಳೇದು ಅಕ್ಕಾ. ಆದರೆ ಸುಮ್ನೆ ಹಾಸಿದರೆ ಮೇಲೆ ನೀರು ನಿಲ್ಲುತ್ತದೆ. ನಡುವೆ ಉದ್ದಕ್ಕೂ, ಅಂಚಿನ ಪ್ಯಾರಾಪೆಟ್ ಗೋಡೆಗಿಂತ ಎತ್ತರವಾಗಿ, ಇಟ್ಟಿಗೆ ಸಾಲು ಇಟ್ಟು, ಅದರ ಮೇಲೆ ಹಳೇ ಪಿವಿಸಿ ಪೈಪ್ ಮಲಗಿಸಿ ಹೊದಿಸಿ, ಇಳಿಜಾರು ಬರುತ್ತದೆ. ಅಂಚು ಪ್ಯಾರಾಪೆಟ್ ದಾಟಿ ಹೊರಗೆ ಇಳಿಬೀಳಲಿ. ಮೊಳೆ ಮಾತ್ರ ಹೊಡೆಯಬೇಡಿ, ಮರಳು ಚೀಲ ಸಾಕು.

ಸುಧಾ, ಹನುಮಂತನಗರ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪೈಪಿನ ಬಾಯಲ್ಲಿ ಎಲೆ ಜೊತೆ ಪಕ್ಕದ ಮನೆ ಮಕ್ಕಳ ಟೆನಿಸ್ ಚೆಂಡೂ ಸಿಕ್ಕಿತು. ಭಾನುವಾರ ಬಿಸಿಲಿತ್ತು, ಟೇಪ್ ಹಾಕಿದೆವು. ನಿನ್ನೆ ರಾತ್ರಿ ಜೋರು ಮಳೆ. ಗೋಡೆ ಕಡೆ ಒಂದು ಹನಿಯೂ ಇಲ್ಲ. ಬಲ್ಬಿನ ಕೆಳಗಿಟ್ಟ ಬಕೆಟ್ಟಲ್ಲಿ ತಳ ಮುಚ್ಚುವಷ್ಟು ಇತ್ತು. ನಾಳೆ ಟಾರ್ಪಾಲ್ ತರುತ್ತೇನೆ. ಟ್ರಂಕುಗಳು ಈಗ ನಡುಮನೆಯಲ್ಲಿವೆ.