ಅಪ್‌ಡೇಟ್: ಯುದ್ಧದ ಇತಿಹಾಸ ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೆನಲ್ಲ

ಸೈನ್ಯದ ಬಗ್ಗೆ ಏನೂ ಗೊತ್ತಿಲ್ಲದವರು ಮೊದಲು ಯಾವ ಪುಸ್ತಕ ಹಿಡಿಯಬೇಕು ಅಂತ ಕೇಳಿದ್ದೆ. ನೀವು ಹೇಳಿದ್ದರಲ್ಲಿ ಎರಡು ಮುಗಿಸಿದೆ, ಮೂರನೆಯದು ಅರ್ಧಕ್ಕೆ ಬಂದಿದೆ.

ಜಾನ್ ಕೀಗನ್ ಅವರ 'ದಿ ಫೇಸ್ ಆಫ್ ಬ್ಯಾಟಲ್' ಹೇಳಿದವರಿಗೆ ದೊಡ್ಡ ಥ್ಯಾಂಕ್ಸ್. 1415ರ ಅಜಿನ್‌ಕೋರ್ಟ್ (ಇಂಗ್ಲಿಷರು-ಫ್ರೆಂಚರ ನಡುವಿನದು), 1815ರ ವಾಟರ್‌ಲೂ (ನೆಪೋಲಿಯನ್ ಸೋತದ್ದು), 1916ರ ಸೋಮ್ (ಮೊದಲ ಮಹಾಯುದ್ಧದ್ದು), ಈ ಮೂರೇ ಕದನಗಳು. ಯಾವ ಸೇನಾಪತಿ ಏನು ಯೋಚಿಸಿದ ಅನ್ನೋದಕ್ಕಿಂತ, ಸಾಲಿನಲ್ಲಿ ನಿಂತ ಸಿಪಾಯಿಗೆ ಏನು ಕಂಡಿತು, ಅವನು ಯಾಕೆ ಓಡಿಹೋಗಲಿಲ್ಲ ಅನ್ನೋದೇ ಇಲ್ಲಿ ಮುಖ್ಯ. ಅಜಿನ್‌ಕೋರ್ಟ್‌ನ ಕೆಸರು, ಹಿಂದಿನವರು ಮುಂದಿನವರನ್ನು ತಳ್ಳಿ ಆದ ನೂಕುನುಗ್ಗಲು ಓದುವಾಗ ಉಸಿರು ಕಟ್ಟಿತು. ಕೀಗನ್ ಯುದ್ಧಕ್ಕೆ ಹೋದವರೇ ಅಲ್ಲವಂತೆ! ಅದನ್ನು ಶುರುವಿನಲ್ಲೇ ಒಪ್ಪಿಕೊಳ್ಳುತ್ತಾರೆ. ಆದರೆ ಮೊದಲ ಅಧ್ಯಾಯ ಸ್ವಲ್ಪ ಎಳೆಯುತ್ತದೆ. ನಾನು ಅದನ್ನು ಕೊನೆಯಲ್ಲಿ ಓದಿದೆ, ತಪ್ಪೇನಿಲ್ಲ ಅಲ್ವಾ?

ಬಾರ್ಬರಾ ಟಕ್‌ಮನ್ ಅವರ 'ದಿ ಗನ್ಸ್ ಆಫ್ ಆಗಸ್ಟ್' ಕಾದಂಬರಿ ಥರ ಓಡಿತು. ಮೊದಲ ಮಹಾಯುದ್ಧ ಶುರುವಾದ 1914ರ ಆಗಸ್ಟ್, ಹೆಚ್ಚುಕಮ್ಮಿ ಆ ಒಂದೇ ತಿಂಗಳ ಕಥೆ. ಹೆಸರುಗಳು ಜಾಸ್ತಿ, ಪಕ್ಕದಲ್ಲಿ ಮ್ಯಾಪ್ ಇಟ್ಟುಕೊಳ್ಳಿ.

ಈಗ ಕೈಯಲ್ಲಿರೋದು ಮಾರ್ಟಿನ್ ವಾನ್ ಕ್ರೆವೆಲ್ಡ್ ಅವರ 'ಸಪ್ಲೈಯಿಂಗ್ ವಾರ್'. ಪೂರ್ತಿ ಸೈನ್ಯದ ಸಾಮಾನು ಸಾಗಾಟದ ವಿಷಯ. ಬೋರ್ ಹೊಡೆಸುತ್ತೆ ಅಂದುಕೊಂಡಿದ್ದೆ. ಕುದುರೆಗೆ ಮೇವು ಸಿಗದಿದ್ದರೆ ಎಂಥಾ ಸೈನ್ಯವೂ ನಿಂತುಬಿಡುತ್ತೆ ಅಂತ ಗೊತ್ತಾದ ಮೇಲೆ ಬಿಡೋಕೆ ಆಗ್ತಿಲ್ಲ.

ನೌಕಾ ಯುದ್ಧಗಳ ಬಗ್ಗೆ ಮಾತ್ರ ಯಾರೂ ಹೇಳಲಿಲ್ಲ. ಒಂದಾದರೂ ಹೇಳಿ.