ಪಿಎಚ್‌ಪಿ ಫಾರ್‌ಈಚ್: ಕೊನೆಯ ಸೀರೆಯ ರೇಟ್ ಮಾತ್ರ ಯಾಕೆ ತಪ್ಪು?

ಪ್ರಶ್ನೆ:
ಇಳಕಲ್‌ನಲ್ಲಿ ನಮ್ಮ ಸೋದರಮಾವನ ಸೀರೆ ಅಂಗಡಿ ಇದೆ. ಅದಕ್ಕೊಂದು ಸಣ್ಣ ವೆಬ್ ಪೇಜ್ ಪಿಎಚ್‌ಪಿ ಭಾಷೆಯಲ್ಲಿ ಮಾಡುತ್ತಿದ್ದೇನೆ. ಅರೇಯಲ್ಲಿ, ಅಂದರೆ ಪಟ್ಟಿಯಲ್ಲಿ, ನಾಲ್ಕು ರೇಟ್: 850, 1200, 1650, 2400. ಪಾರ್ಸೆಲ್ ಖರ್ಚು ಅಂತ ಎಲ್ಲಕ್ಕೂ 50 ರೂಪಾಯಿ ಕೂಡಿಸಬೇಕು. ಮೊದಲ ಫಾರ್‌ಈಚ್‌ನಲ್ಲಿ (ಪಟ್ಟಿಯ ಒಂದೊಂದನ್ನೇ ಸರದಿಯಂತೆ ಹಿಡಿಯುವ ಲೂಪ್) 'ರೇಟ್' ವೇರಿಯಬಲ್ ಮುಂದೆ ಆಂಪರ್‌ಸ್ಯಾಂಡ್ (&) ಹಾಕಿ, ಅರೇಯೊಳಗಿನ ರೇಟೇ ಬದಲಾಗುವಂತೆ ಕೂಡಿಸಿದೆ. ಎರಡನೆಯದರಲ್ಲಿ, ಆಂಪರ್‌ಸ್ಯಾಂಡ್ ಇಲ್ಲದೆ, ಸುಮ್ನೆ ಪ್ರಿಂಟ್. ಬಂದಿದ್ದು 900, 1250, 1700, 1700! ರೇಷ್ಮೆ ಸೀರೆ 1700ಕ್ಕೆ ಹೋದರೆ ಮಾವ ನನ್ನನ್ನು ಅಂಗಡಿ ಕಟ್ಟೆ ಹತ್ತಿಸುವುದಿಲ್ಲ.

ಉತ್ತರ 1:
ಎರಡೂ ಲೂಪ್‌ಗೆ ಒಂದೇ ವೇರಿಯಬಲ್ ಹೆಸರು ಇಟ್ಟಿದ್ದೀರಿ, ಅಲ್ವಾ? ಆಂಪರ್‌ಸ್ಯಾಂಡ್ ಹಾಕಿದ್ದರಿಂದ, ಮೊದಲ ಲೂಪ್ ಮುಗಿದರೂ 'ರೇಟ್' ಅರೇಯ ಕೊನೆಯ ಮನೆಯನ್ನು ಬಿಡುವುದಿಲ್ಲ. ನಿಮ್ಮೂರಲ್ಲಿ ಸೆರಗಿನ ನೂಲನ್ನು ಒಡಲಿನ ನೂಲಿಗೆ ಕೊಂಡಿ ಹಾಕುತ್ತಾರಲ್ಲ, ಹಾಗೆ ಕೂತಿರುತ್ತದೆ. ಎರಡನೇ ಲೂಪ್ 900 ಓದಿದಾಗ ಅದು ಕೊನೆಯ ಮನೆಗೆ ಬೀಳುತ್ತದೆ. ಆಮೇಲೆ 1250, ಆಮೇಲೆ 1700. ಕೊನೆಯ ಸರದಿ ಬರುವಷ್ಟರಲ್ಲಿ ಅಲ್ಲಿ 2450 ಇರುವುದೇ ಇಲ್ಲ! ಮೊದಲ ಲೂಪ್ ಮುಗಿದ ತಕ್ಷಣ 'ರೇಟ್' ಅನ್ನು ಅನ್‌ಸೆಟ್ ಮಾಡಿ, ಆ ಕೊಂಡಿ ಕಳಚುತ್ತದೆ.

ಉತ್ತರ 2:
ನಾನಂತೂ ಆಂಪರ್‌ಸ್ಯಾಂಡ್ ಸಹವಾಸವೇ ಬಿಟ್ಟಿದ್ದೇನೆ. ಕೀ (ಅರೇಯ ಪ್ರತಿ ಮನೆಯ ಗುರುತು) ಹಿಡಿದು ನೇರವಾಗಿ ಅರೇಗೇ ಬರೆಯಿರಿ. ಒಂದೆರಡು ಅಕ್ಷರ ಜಾಸ್ತಿ, ತಲೆನೋವು ಕಡಿಮೆ.

ಪ್ರಶ್ನೆ ಕೇಳಿದವರು:
ಅನ್‌ಸೆಟ್ ಹಾಕಿದೆ, 2450 ಬಂತು ನೋಡ್ರಿ! ಇಷ್ಟು ಹೊತ್ತು ಡೇಟಾಬೇಸ್ ಬೈಯುತ್ತಾ ಕೂತಿದ್ದೆ.